ಯಂತ್ರಕ್ಕೆ ಬಂದ ಬೇನೆಗಳು

“ಮೊದಲು ಇಲ್ಲೊಬ್ಬ ತಲೆಕೆಟ್ಟ ಮುಕಾದಮನಿದ್ದ. ಬೇಳೆ ಒಡೆಯುವ ಯಂತ್ರಕ್ಕೂ ಜ್ವರ ಬರುತ್ತದೆಂದು ನಂಬಿ ಅದನ್ನು ನಿಲ್ಲಿಸುತ್ತಿದ್ದ. ಆಮೇಲೆ ಮಾಲೀಕರು ತರಬೇತಿ ಪಡೆದು ಬಂದು ಕೆಲಸಗಾರರಿಗೆ ಮಧ್ಯಾಹ್ನದ ವಿಶ್ರಾಂತಿ ಕೊಟ್ಟರು.”

ಆಳಂದದ ಹೊರವಲಯದಲ್ಲಿರುವ ನಮ್ಮ ದಾಲ್ ಮಿಲ್ಲಿನ ಚರಿತ್ರೆಯೆಂದು ವಾಟ್ಸಾಪಿನಲ್ಲಿ ಓಡಾಡುತ್ತಿರುವ ಮಾತು ಇದು. ಇದರಲ್ಲಿ ನಾನು ತಕರಾರಿಲ್ಲದೆ ಒಪ್ಪುವುದು ಒಂದನ್ನೇ: ಮುಕಾದಮರು ಇದ್ದರು. ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನು. ಉಳಿದ ವಿದ್ಯೆಯನ್ನು ಪುಟಾಣಿ ಕಟ್ಟಿಕೊಟ್ಟ ಕಾಗದಗಳಿಂದಲೂ ಯಂತ್ರಗಳ ಕೈಪಿಡಿಗಳಿಂದಲೂ ಸಂಪಾದಿಸಿದವನು. ಬಿಚ್ಚಿ ನೋಡದೆ ಯಾವುದನ್ನೂ ನಂಬುವ ಅಭ್ಯಾಸ ನನಗಿಲ್ಲ. ಮೇಲಾಗಿ ಆ ಮಿಲ್ಲಿನ ಮಿಸ್ತ್ರಿ ನಾನೇ. ಜ್ವರ ಬಂದದ್ದು ನನ್ನ ಯಂತ್ರಕ್ಕೆ!

ಕೆಲಸಗಾರರ ಮೇಲ್ವಿಚಾರಕರಾದ ಈ ಮುಕಾದಮರು ಜೇವರ್ಗಿ ಕಡೆಯವರು. ಎಚ್ಚರವಾಗಿಯೇ ಕನಸು ಕಾಣುವ ಮನುಷ್ಯ. ತೊಗರಿಯ ಹೊಟ್ಟು ಬಿಸಿಲುಕೋಲಿನಲ್ಲಿ ತೇಲುವಾಗ, ಅದರ ನಡುವೆ ತಾವೂ ತೇಲುತ್ತಿರುವಂತೆ ನಡೆಯುತ್ತಿದ್ದರು. ಇದ್ದಕ್ಕಿದ್ದಂತೆ ನಿಂತು ಯಂತ್ರದ ಹೊಟ್ಟೆಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದರು, ನಾಡಿ ಹಿಡಿದ ವೈದ್ಯರ ಹಾಗೆ.

“ಮಿಸ್ತ್ರಿ, ಮಷೀನಿಗಿ ಸೊಂಟ ನೋಯಾಕತ್ತದ. ಅರ್ಧ ತಾಸು ಬಂದ್ ಮಾಡ್ರಿ.”

“ಇದಕ್ಕ ಸೊಂಟ ಎಲ್ಲದರಿ?”

“ಹುಡುಕ್ರಿ. ಅರ್ಧ ತಾಸು ಅದಲ್ಲ.”

ಯಂತ್ರ ಕೆಟ್ಟ ಹೊರತು ಯಾರೂ ಕೈ ನಿಲ್ಲಿಸಬಾರದೆಂಬುದು ಮಿಲ್ಲಿನ ಕಟ್ಟಳೆ. ಆದ್ದರಿಂದ ನಿಲ್ಲಿಸಿದಾಗಲೆಲ್ಲ ಅವರು ಕೆಂಪು ರಟ್ಟಿನ ವಹಿಯಲ್ಲಿ ಕಾರಣವನ್ನು ಬರೆಯಬೇಕಾಗಿತ್ತು. ಬರೆಯುತ್ತಿದ್ದರು: ಇಂದು ಯಂತ್ರಕ್ಕೆ ಅರೆತಲೆನೋವು. ಇಂದು ಕಣ್ಣು ಮಂಜು. ಇಂದು ವಾಂತಿ. ತೊಗರಿಯ ಹೊರತು ಬೇರೇನನ್ನೂ ತಿನ್ನದ ಯಂತ್ರಕ್ಕೆ ವಾಂತಿ! ಒಮ್ಮೆಯಂತೂ, “ಏಳನೆಯ ತಿಂಗಳು; ಭಾರ ಎತ್ತಿಸಬಾರದು” ಎಂದು ಬರೆದರು. ನಾನು ನಕ್ಕು ನಕ್ಕು ಬೋಲ್ಟು ತಿರುಗಿಸುವ ಪಾನೆಯನ್ನು ಕಾಲ ಮೇಲೆ ಬೀಳಿಸಿಕೊಂಡೆ. ಅವರಿಗೆ ತಲೆಕೆಟ್ಟಿದೆ ಎಂಬ ಮಾತನ್ನು ಊರಿಗೆ ಮೊದಲು ಹಂಚಿದವನೂ ನಾನೇ. ಇದನ್ನು ವಾಟ್ಸಾಪಿನವರು ಬರೆದಿಲ್ಲ.

ಯಂತ್ರ ನಿಂತಾಗಿನ ಆ ಮೌನ ಈಗಲೂ ನೆನಪಾಗುತ್ತದೆ. ತಗಡಿನ ಮೇಲೆ ಪಾರಿವಾಳಗಳ ಹೆಜ್ಜೆ ಕೇಳಿಸುತ್ತಿತ್ತು. ಬೇಳೆ ಆರಿಸುವ ಹೆಂಗಸರು ಗೋಡೆಗೊರಗಿ, ಸೆರಗನ್ನು ಮುಖಕ್ಕೆಳೆದುಕೊಂಡು ಎಲ್ಲಿಗೋ ಹೋಗಿಬಿಡುತ್ತಿದ್ದರು. ನಾನೊಬ್ಬನೇ ಯಂತ್ರದ ಕೆಳಗೆ ಮಲಗಿ, ಇಲ್ಲದ ಸೊಂಟವನ್ನು ಹುಡುಕುತ್ತಿದ್ದೆ.

ಒಮ್ಮೆ ಮುಕಾದಮರು ನನ್ನ ಕೈಗೇ ಒಂದು ಚೀಟಿ ಕೊಟ್ಟರು: ಒಂಬತ್ತು ಸಾವಿರದ ಒಂಬತ್ತನೆಯ ನಂಬರಿನ ಬೇರಿಂಗು. ಕಲಬುರಗಿಯಲ್ಲಿಯೇ ಸಿಗುತ್ತದಂತೆ, ಸಿಗುವ ತನಕ ಮರಳಬಾರದಂತೆ. ಆಗ ನನ್ನ ಮನೆಯಾಕೆ ಅಲ್ಲಿಯ ಆಸ್ಪತ್ರೆಯಲ್ಲಿದ್ದಳು. ಮನೆಯ ಮಾತನ್ನು ಮಿಲ್ಲಿಗೆ ತರುವವನು ನಾನಲ್ಲ, ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಎರಡು ಅಂಗಡಿ ನೋಡಿ, ಮಿಕ್ಕ ಹೊತ್ತೆಲ್ಲ ಅವಳ ಹಾಸಿಗೆಯ ಬಳಿ ಕುಳಿತು ಮುಕಾದಮರನ್ನು ಬೈಯುತ್ತಿದ್ದೆ. ಅವಳು ದಿನವೂ ಕೇಳುತ್ತಿದ್ದಳು, “ಇವತ್ತರ ಸಿಕ್ತೇನ್ರಿ ನಿಮ್ಮ ಬೇರಿಂಗ್?” ಇಲ್ಲವೆಂದರೆ ನಗುತ್ತಿದ್ದಳು. ಎಂಟು ದಿನ ನಕ್ಕಳು. ಒಂಬತ್ತನೆಯ ದಿನ ಕೇಳಲು ಅವಳಿರಲಿಲ್ಲ.

ಆಮೇಲೂ ನನ್ನ ಹಟ ಬಿಡಲಿಲ್ಲ. ಅಫಜಲಪುರದಲ್ಲಿ ಕೇಳಿದೆ, ಜೇವರ್ಗಿಯಲ್ಲಿಯೂ ಕೇಳಿದೆ. ಜೇವರ್ಗಿಯ ಅಂಗಡಿಯವನು ಚೀಟಿಯನ್ನು ತಿರುಗಿಸಿ ನೋಡಿ, “ಕಾಕಾ, ಇದು ಯಾರದೋ ಗಾಡಿ ನಂಬರ್ ಇರಬೇಕು” ಎಂದ. ಇಷ್ಟು ದಡ್ಡ ಮುಕಾದಮನ ಕೈಕೆಳಗೆ ದುಡಿಯಬೇಕಾಯಿತಲ್ಲ ಎಂದು ವರ್ಷಗಟ್ಟಲೆ ಕುದಿದೆ.

ಮಾಲೀಕರು ತರಬೇತಿಗೆ ಹೋದದ್ದು ನಿಜ. ಕರುಣೆಯಿಂದ ಕೆಲಸ ಮಾಡಿಸುವ ವಿದ್ಯೆಯನ್ನು ದೊಡ್ಡ ಹೋಟೆಲಿನಲ್ಲಿ ಎರಡು ದಿನ ಕಲಿತು, ಫೈಲೊಂದನ್ನು ಹಿಡಿದು ಬಂದರು. ಬಂದವರು ಮಾಡಿದ ಮೊದಲ ಕೆಲಸವೇನು? ಮುಕಾದಮರನ್ನು ತೆಗೆದುಹಾಕಲು ಹೊರಟದ್ದು! ವಹಿಯನ್ನು ನನ್ನ ಮುಂದಿಟ್ಟು, ಯಂತ್ರಕ್ಕೆ ನಿಜವಾಗಿ ಬೇನೆಯಿತ್ತೋ ಇಲ್ಲವೋ ಸಂಜೆಯೊಳಗೆ ಬರೆದುಕೊಡು ಎಂದರು. ಮುಕಾದಮರ ಅನ್ನ ನನ್ನ ಲೇಖನಿಯ ತುದಿಗೆ ಬಂತು. ಅವರು ಇಷ್ಟೇ ಹೇಳಿದರು: “ಇದ್ದದ್ದು ಬರೀರಿ ಮಿಸ್ತ್ರಿ. ನನ್ನ ಮಾರಿ ನೋಡಬ್ಯಾಡ್ರಿ.”

ಇದ್ದದ್ದನ್ನೇ ಬರೆಯಲು ಕುಳಿತೆ. ನರೋಣಾದ ಗುಂಡಮ್ಮ ಎದುರಿಗೆ ಬೇಳೆ ಆರಿಸುತ್ತಿದ್ದಳು. ಮಿಲ್ಲಿನಲ್ಲಿ ಎಲ್ಲರಿಗಿಂತ ಹಿರಿಯಳು, ಅಕ್ಷರ ಬಾರದವಳು. ನಗಿಸೋಣವೆಂದು ವಹಿಯಲ್ಲಿದ್ದ ಬೇನೆಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಅವಳು ಕೈ ನಿಲ್ಲಿಸದೆ ಹೇಳುತ್ತ ಹೋದಳು.

“ಸೊಂಟ ನಂದು. ವಾಂತಿ ಸರಸಂಬಾದ ಶಾಂತಿದು. ಏಳನೇ ತಿಂಗಳೂ ಆಕಿದೇ. ಕಣ್ಣು ಮಂಜು ಮತ್ತ ನಂದೇ.” ತಲೆಯೆತ್ತಿ ನನ್ನನ್ನು ನೋಡಿದಳು. “ಇಷ್ಟೆಲ್ಲ ಓದೀರಿ, ಇದೊಂದು ತಿಳೀಲಿಲ್ಲೇನ್ರಿ ಮಿಸ್ತ್ರಿ?”

ನಾನು ಹಾಳೆ ತಿರುಗಿಸಿದೆ. ಅಲ್ಲಿ ಮುಕಾದಮರ ಓರೆ ಅಕ್ಷರಗಳಿದ್ದವು: “ಯಂತ್ರದ ಮನಸ್ಸು ಇಲ್ಲಿಲ್ಲ, ಕಲಬುರಗಿಯಲ್ಲಿದೆ. ಬೋಲ್ಟನ್ನು ಎರಡು ಸಲ ತಿರುವುಮುರುವು ಹಾಕಿಕೊಂಡಿದೆ. ೯೦೦೯ ಬೇರಿಂಗು ಲೋಕದಲ್ಲಿಲ್ಲವೆಂದು ಬಲ್ಲೆ. ಹುಡುಕಲಿ.”

ಯಂತ್ರಕ್ಕೆ ತಾನೇ ಬೋಲ್ಟು ಹಾಕಿಕೊಳ್ಳಲು ಬಾರದು.

ಮುಕಾದಮರು ಮತ್ತೆ ಮೂರು ಸುಗ್ಗಿ ಕಂಡು, ತಾವಾಗಿಯೇ ಕೆಲಸ ಬಿಟ್ಟರು. ಮಧ್ಯಾಹ್ನದ ಅರ್ಧ ತಾಸು ನಾನು ಬರೆದುಕೊಟ್ಟ ಆ ಸಂಜೆಯಿಂದ ಇಂದಿನವರೆಗೆ ತಪ್ಪಿಲ್ಲ. ಅದು ಫೈಲಿನಿಂದ ಬಂತೆನ್ನುವವರು ಮಿಲ್ಲಿಗೆ ಹೋಗಿ ನೋಡಬಹುದು. ಬಾಗಿಲ ಎಡಕ್ಕೆ, ಮೊಳೆಗೆ ಆ ಕೆಂಪು ವಹಿ ಇನ್ನೂ ತೂಗುತ್ತಿದೆ. ಕೊನೆಯ ಹಾಳೆಗೆ ಅಂಟಿಸಿದ ವರದಿಯಲ್ಲಿರುವುದು ನನ್ನ ಅಕ್ಷರ, ನನ್ನ ಸಹಿ:

“ಯಂತ್ರವನ್ನು ಬಿಚ್ಚಿ ನೋಡಿದ್ದೇನೆ. ಬರೆದ ಬೇನೆಗಳೆಲ್ಲ ನಿಜ. ದಿನಕ್ಕೆ ಅರ್ಧ ತಾಸು ವಿಶ್ರಾಂತಿ ಬೇಕು. ೯೦೦೯ ಬೇರಿಂಗು ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ.”