ಚಿಕ್ಕಮ್ಮನ ಹಲ್ಲಿಗೆ ಅಳತೆ ತೆಗೆದದ್ದು

ಸುಳ್ಯದಲ್ಲಿ ಅತಿ ಹೆಚ್ಚು ಸುಳ್ಳು ಹೇಳುವವರು ಯಾರು ಎಂದು ಒಂದು ಸ್ಪರ್ಧೆ ಇಟ್ಟರೆ ಪ್ರಥಮ ಬಹುಮಾನ ನನ್ನ ಚಿಕ್ಕಮ್ಮನಿಗೇ ಬರಬೇಕು. ದ್ವಿತೀಯ, ತೃತೀಯ ಯಾರಿಗೆ ಬೇಕಾದರೂ ಕೊಡಿ, ನನ್ನ ತಕರಾರಿಲ್ಲ! ಹಾಗಂತ ಅವರು ಯಾರ ಜಾಗವನ್ನೂ ನುಂಗಿದವರಲ್ಲ, ಯಾರ ಸಂಸಾರವನ್ನೂ ಒಡೆದವರಲ್ಲ. ಅವರ ಸುಳ್ಳೆಲ್ಲ ಒಂದೇ ಶಬ್ದದಲ್ಲಿ ಮುಗಿಯುತ್ತದೆ. ಆ ಶಬ್ದ ‘ಶುಕ್ರವಾರ’.

ಚಿಕ್ಕಮ್ಮ ಬ್ಲೌಸ್ ಹೊಲಿಯುವವರು. ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮಿಷನ್, ಒಂದು ಕನ್ನಡಿ, ಒಂದು ಪರದೆ ಇರುವಷ್ಟು ಜಾಗದಲ್ಲಿ ಮೂವತ್ತೆಂಟು ವರ್ಷದಿಂದ ಹೊಲಿಯುತ್ತಿದ್ದಾರೆ. ಕೈ ಎಂಥದ್ದೆಂದರೆ ಒಮ್ಮೆ ಅವರ ಬ್ಲೌಸ್ ಹಾಕಿದವರು ಬೇರೆ ಟೈಲರನ್ನು ಹುಡುಕುವುದಿಲ್ಲ. ಆದರೆ ಹೇಳಿದ ದಿನಕ್ಕೆ ಬ್ಲೌಸ್ ಸಿಕ್ಕಿದವರು ಯಾರಾದರೂ ಇದ್ದರೆ ನನಗೆ ಒಮ್ಮೆ ತೋರಿಸಿ. “ಆಗಿದೆ, ಎರಡು ಹುಕ್ ಮಾತ್ರ ಬಾಕಿ, ಶುಕ್ರವಾರ ಬನ್ನಿ” ಎನ್ನುವಾಗ ನಿಮ್ಮ ಬಟ್ಟೆ ಇನ್ನೂ ಅಂಗಡಿಯ ಚೀಲದಿಂದ ಹೊರಗೇ ಬಂದಿರುವುದಿಲ್ಲ!

ಇನ್ನೊಂದು ವಿಶೇಷವೆಂದರೆ ಚಿಕ್ಕಮ್ಮ ದಾರವನ್ನು ಕತ್ತರಿಯಿಂದ ತುಂಡು ಮಾಡಿದ್ದನ್ನು ನಾನು ಕಂಡದ್ದೇ ಇಲ್ಲ. ಕತ್ತರಿ ಬಟ್ಟೆಗೆ, ದಾರಕ್ಕೆ ಹಲ್ಲು. ತಲೆ ಬಗ್ಗಿಸುವುದು, ಟಕ್ ಎನ್ನುವುದು, ಮುಂದಿನ ಬ್ಲೌಸ್. ಮೂವತ್ತೆಂಟು ವರ್ಷದ ಟಕ್ ಟಕ್‌ನಿಂದ ಮೇಲಿನ ಎದುರು ಹಲ್ಲಿನಲ್ಲಿ ಒಂದು ಗೀರು ಬಿದ್ದಿತ್ತು, ಸರಿಯಾಗಿ ದಾರ ಕೂರುವಷ್ಟು. “ಬೇಡ ಚಿಕ್ಕಮ್ಮ, ಹಲ್ಲು ಹೋಗ್ತದೆ” ಎಂದರೆ, “ಹೋಗುದು ಎಲ್ಲಿಗೆ ಮಾರಾಯ್ತಿ? ಬಸ್ಸೇ ಸರಿಯಾದ ಟೈಮಿಗೆ ಇಲ್ಲ” ಎನ್ನುತ್ತಿದ್ದರು.

ಕಳೆದ ವರ್ಷ ಅದು ಹೋಗಿಯೇ ಬಿಟ್ಟಿತು. ಒಂದು ಮಧ್ಯಾಹ್ನ ಸೀರೆಗೆ ಫಾಲ್ ಹಾಕುತ್ತಾ ಚಿಕ್ಕಮ್ಮ ನೈಲಾನ್ ದಾರವನ್ನು ಟಕ್ ಎನ್ನಿಸಿದರು. ದಾರ ತುಂಡಾಗಲಿಲ್ಲ, ಹಲ್ಲು ತುಂಡಾಯಿತು! ಗೀರಿನ ಕೆಳಗಿನ ಅರ್ಧ ಹಲ್ಲು ಮಾಯ. ಮಡಿಲು ಕೊಡವಿದರು, ಮಿಷನ್ನಿನ ಅಡಿ ಗುಡಿಸಿದರು, ಎಣ್ಣೆ ಬಾಟ್ಲಿಯ ಒಳಗೂ ಇಣುಕಿದರು. ಸಿಗಲಿಲ್ಲ. ಸಿಕ್ಕಿದ್ದು ಮೂರು ದಿನದ ಮೇಲೆ. ಬೆಳ್ಳಾರೆಯ ಒಬ್ಬರು ಟೀಚರ್ ಸೀರೆ ಹಿಡಿದುಕೊಂಡು ಬಂದು, “ಫಾಲಿನ ಒಳಗೆ ಎಂತದೋ ಗಟ್ಟಿ ಸಿಗ್ತದಲ್ಲ, ನಡೆಯುವಾಗ ಕಾಲಿಗೆ ಕುಟ್ಟುತ್ತದೆ” ಎಂದರು. ಚಿಕ್ಕಮ್ಮ ಮುಟ್ಟಿ ನೋಡಿದರು. ನೋಡಿದ ಕೂಡಲೇ ಗೊತ್ತಾಯಿತು. ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಸಾಯುತ್ತಿದ್ದರು. ಚಿಕ್ಕಮ್ಮ ಹೇಳಿದ್ದೇನು ಗೊತ್ತೇ?

“ಅದು ಟೀಚರೇ, ಸೀರೆ ಹಾರಬಾರದು ಅಂತ ಒಂದು ಭಾರ ಇಟ್ಟದ್ದು. ನಿಮಗೆ ಬೇಡದಿದ್ರೆ ತೆಗಿತೇನೆ.”

ಟೀಚರ್ ಒಂದು ಗಳಿಗೆ ಯೋಚಿಸಿ, “ಇರಲಿ ಹಾಗಾದ್ರೆ” ಎಂದುಬಿಡಬೇಕೇ! ಕೊನೆಗೆ ಅವರಿಗೆ ಅರ್ಧ ಗಂಟೆ ಸಮಾಧಾನ ಹೇಳಿ ಹಲ್ಲನ್ನು ವಾಪಸು ತೆಗೆದುಕೊಳ್ಳಬೇಕಾಯಿತು.

ಇನ್ನಾದರೂ ಡಾಕ್ಟರ ಹತ್ತಿರ ಹೋದರೇ? ಇಲ್ಲ. ಕೊರೊನಾ ಸಮಯದಲ್ಲಿ ಬ್ಲೌಸಿನ ಚೂರುಗಳಿಂದ ಹೊಲಿದು ಉಳಿದಿದ್ದ ಮಾಸ್ಕುಗಳ ಕಟ್ಟನ್ನು ಅಟ್ಟದಿಂದ ಇಳಿಸಿದರು. ಹಸಿರು ಸೀರೆಗೆ ಹಸಿರು ಮಾಸ್ಕು, ಕೆಂಪಿಗೆ ಕೆಂಪು, ಜರಿ ಸೀರೆಗೆ ಅಂಚಿನ ಮಾಸ್ಕು! ಒಂದೂವರೆ ತಿಂಗಳು ಹೀಗೆ ನಡೆಯಿತು. ಅವರನ್ನು ನೋಡಿ ಎದುರಿನ ಬೇಕರಿಯವರು ಮಾಸ್ಕು ಹಾಕಿದರು. ಬೇಕರಿಯವರನ್ನು ನೋಡಿ ಪಕ್ಕದ ಮೊಬೈಲ್ ಅಂಗಡಿಯವರು ಹಾಕಿದರು. ಕಡೆಗೆ ಮೊಬೈಲ್ ಅಂಗಡಿಯವರೇ ಚಿಕ್ಕಮ್ಮನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಪುನಃ ಸುರುವಾಗಿದೆಯಂತಲ್ಲ ಅಕ್ಕಾ, ಹೌದಾ?” ಎಂದು ಕೇಳಿದರಂತೆ. ಚಿಕ್ಕಮ್ಮ ಗಂಭೀರವಾಗಿ, “ನಮ್ಮ ಜಾಗ್ರತೆ ನಮಗೆ” ಎಂದರಂತೆ!

ಸುಳ್ಯದಲ್ಲಿ ಹಲ್ಲಿನ ಡಾಕ್ಟರಿಗೆ ಬರಗಾಲವೇ? ಹೆಜ್ಜೆಗೊಬ್ಬರು ಇದ್ದಾರೆ. ಕಷ್ಟ ಇರುವುದು ಬೇರೆ ಕಡೆ. ಆ ಡಾಕ್ಟರುಗಳ ಹೆಂಡತಿ, ಅತ್ತೆ, ನಾದಿನಿ ಎಲ್ಲರ ಬ್ಲೌಸೂ ಚಿಕ್ಕಮ್ಮನ ಅಂಗಡಿಯಲ್ಲಿ ಶುಕ್ರವಾರಕ್ಕಾಗಿ ಕಾಯುತ್ತಿತ್ತು. ಅಂಥವರ ಎದುರು ಹೋಗಿ ಬಾಯಿ ತೆರೆಯುವುದು ಹೇಗೆ?

ಒಂದು ದಿನ ಬೆಳಿಗ್ಗೆ ಬಿಸಿ ಕಾಫಿ ತಾಗಿ, ಹಲ್ಲಿನ ನೋವು ನೆತ್ತಿಗೇರಿದಾಗ ನನಗೆ ಫೋನ್ ಬಂತು. ನಾನಿರುವುದು ಪುತ್ತೂರಿನಲ್ಲಿ. “ನಿಮ್ಮಲ್ಲಿ ನನ್ನ ಗುರ್ತ ಇಲ್ಲದ ಡಾಕ್ಟ್ರು ಯಾರಾದ್ರೂ ಉಂಟಾ?” ಇದ್ದರು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಹೊಸದಾಗಿ ಕ್ಲಿನಿಕ್ ತೆರೆದಿದ್ದ ಒಬ್ಬ ಹುಡುಗಿ. ನೆಲ್ಯಾಡಿ ಕಡೆಯವಳು, ಮನೆಮಾತು ಮಲಯಾಳ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಚಿಕ್ಕಮ್ಮನಿಗೆ ಸರಿಯಾದ ಜೋಡಿ ಎಂದುಕೊಂಡು ಕರೆದುಕೊಂಡು ಹೋದೆ.

ಡಾಕ್ಟರಮ್ಮ ಫೋಟೊ ತೆಗೆದು ವಿವರಿಸಿದಳು. ಮೊದಲು ಬೇರಿನ ಚಿಕಿತ್ಸೆ. ಆಮೇಲೆ ಉಳಿದ ಹಲ್ಲನ್ನು ಸುತ್ತಲೂ ಉಜ್ಜಿ ಸಣ್ಣ ಮಾಡುವುದು, ಅಳತೆ ತೆಗೆದು ಲ್ಯಾಬಿಗೆ ಕಳಿಸುವುದು, ಬಂದ ಕ್ಯಾಪನ್ನು ಅದರ ಮೇಲೆ ಕೂರಿಸುವುದು.

“ಇರುದೇ ಅರ್ಧ. ಅದನ್ನೂ ಸಣ್ಣ ಮಾಡುದಾ?” ಎಂದರು ಚಿಕ್ಕಮ್ಮ. “ಮಾರ್ಜಿನ್ ಬಿಟ್ಟು ಕತ್ತರಿಸಿ ಡಾಕ್ಟ್ರಮ್ಮಾ. ನಾಳೆ ದಪ್ಪ ಆದ್ರೆ ಬಿಚ್ಚಿ ದೊಡ್ಡ ಮಾಡ್ಲಿಕ್ಕೆ ಬೇಕಲ್ಲ?”

“ಹಲ್ಲು ದಪ್ಪ ಆಗುದಿಲ್ಲ ಅಮ್ಮ.”

“ಎಲ್ಲರೂ ಮೊದ್ಲು ಹಾಗೇ ಹೇಳುದು!”

ಎರಡು ಭೇಟಿಯಲ್ಲಿ ಬೇರಿನ ಕೆಲಸ ಮುಗಿಯಿತು. ಮೂರನೆಯ ಸಲ ಹಲ್ಲು ಉಜ್ಜಿ ಅಳತೆ. ಗುಲಾಬಿ ಬಣ್ಣದ ಹಿಟ್ಟಿನಂಥದ್ದನ್ನು ಒಂದು ತಟ್ಟೆಗೆ ತುಂಬಿ ಬಾಯೊಳಗೆ ಒತ್ತಿ, “ಅಲ್ಲಾಡಬೇಡಿ, ಮಾತಾಡಬೇಡಿ” ಎಂದಳು ಡಾಕ್ಟರಮ್ಮ. ಚಿಕ್ಕಮ್ಮ ಮಾತಾಡದೆ ಕೂತ ಆ ಮೂರು ನಿಮಿಷ ನಮ್ಮ ಕುಟುಂಬದ ಚರಿತ್ರೆಯಲ್ಲೇ ಮೊದಲನೆಯದು. ತಟ್ಟೆ ಹೊರಗೆ ಬಂದದ್ದೇ ತಡ, ಬಾಯಿ ಒರಸಿಕೊಳ್ಳುವ ಮೊದಲೇ ಸುರು: “ಒಂದು ಹಲ್ಲಿಗೆ ಇಡೀ ಬಾಯಿಯ ಅಳತೆ ಯಾಕೆ? ನಾನು ತೋಳಿನ ಅಳತೆ ತೆಗಿಲಿಕ್ಕೆ ಕಾಲು ಹಿಡಿತೇನಾ?”

“ಕಚ್ಚುವಾಗ ಕೆಳಗಿನ ಹಲ್ಲಿಗೆ ಹೆಚ್ಚು ತಾಗಬಾರದಲ್ಲ ಅಮ್ಮ. ಅದಕ್ಕೆ.”

ಚಿಕ್ಕಮ್ಮ ಒಂದು ಕ್ಷಣ ತಲೆದೂಗಿದರು. ಕೆಲಸ ಗೊತ್ತಿರುವವರ ಮಾತು ಅವರಿಗೆ ಅರ್ಥವಾಗುತ್ತದೆ.

ಆದರೆ ಬಣ್ಣದ ವಿಷಯದಲ್ಲಿ ಸೋಲುವವರಲ್ಲ! ಡಾಕ್ಟರಮ್ಮ ಒಂದು ಪಟ್ಟಿ ತಂದಳು. ಅದರಲ್ಲಿ ಸಾಲಾಗಿ ಹದಿನಾರು ಹಲ್ಲು, ಒಂದೊಂದಕ್ಕೂ ಕೂದಲೆಳೆಯಷ್ಟು ಬೇರೆ ಬಿಳಿ. ಅದನ್ನು ಚಿಕ್ಕಮ್ಮನ ಬಾಯಿಗೆ ಹಿಡಿದು ನೋಡತೊಡಗಿದಳು. ಚಿಕ್ಕಮ್ಮ ಕೈ ಹಿಡಿದು ನಿಲ್ಲಿಸಿದರು. “ಟ್ಯೂಬ್‌ಲೈಟಿನಲ್ಲಿ ಯಾರಾದ್ರೂ ಮ್ಯಾಚಿಂಗ್ ನೋಡ್ತಾರಾ?” ಎಂದವರೇ ಪಟ್ಟಿಯನ್ನು ಕಿತ್ತುಕೊಂಡು, ಕುತ್ತಿಗೆಗೆ ಕಟ್ಟಿದ ಕಾಗದದ ಬಟ್ಟೆಯ ಸಮೇತ, ಮೆಟ್ಟಿಲಿಳಿದು ರಸ್ತೆಗೇ ಹೋದರು! ಹಿಂದೆ ಡಾಕ್ಟರಮ್ಮ, ಅವಳ ಹಿಂದೆ ನಾನು. ನಾವು ರಸ್ತೆಗೆ ಮುಟ್ಟುವಾಗ ಚಿಕ್ಕಮ್ಮ ಅಲ್ಲಿ ನಿಂತಿದ್ದ ರಿಕ್ಷಾದ ಕನ್ನಡಿಗೆ ಬಗ್ಗಿ, ಹಲ್ಲು ಕಿರಿದು, ಒಂದೊಂದೇ ಹಲ್ಲನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು.

ರಿಕ್ಷಾದ ಬ್ಯಾರಿ ಹಿರಿಯರು ಪೇಪರ್ ಮಡಚಿಟ್ಟು ಕೇಳಿದರು: “ಎಂತ ಅಮ್ಮಾ, ಇದು ಮಾರ್ಲಿಕ್ಕೆ ಇರುದಾ?”

“ಅಲ್ಲ ಬ್ಯಾರಿಗಳೇ. ನನಗೆ ಯಾವುದು ಸರಿ ಹೇಳಿ ನೋಡುವ.”

ಅವರು ಕನ್ನಡಕ ಏರಿಸಿ, ನಿಧಾನಕ್ಕೆ ನೋಡಿ, “ಐದನೆಯದ್ದು. ಮೊದಲಿನ ನಾಲ್ಕು ನಮ್ಮ ಪ್ರಾಯಕ್ಕೆ ಆಗುದಿಲ್ಲ” ಎಂದರು.

ಡಾಕ್ಟರಮ್ಮನೂ ಬಿಸಿಲಿನಲ್ಲಿ ಹಿಡಿದು ನೋಡಿದಳು. ಐದನೆಯದೇ ಸರಿ! ಒಳಗೆ ಟ್ಯೂಬ್‌ಲೈಟಿನಲ್ಲಿ ಅವಳು ಆರಿಸಿದ್ದು ಮೂರನೆಯದನ್ನು. “ಹಗಲು ಬೆಳಕಲ್ಲೇ ನೋಡಬೇಕು ಅಂತ ನಮಗೂ ಕಲಿಸ್ತಾರೆ” ಎಂದು ಒಪ್ಪಿಕೊಂಡಳು. ಆ ದಿನ ಅವಳು ಮೊದಲ ಸಲ ನಕ್ಕದ್ದು. ಹೊರಡುವಾಗ ಉಜ್ಜಿದ ಹಲ್ಲಿಗೆ ತಾತ್ಕಾಲಿಕವಾಗಿ ಒಂದು ಪ್ಲಾಸ್ಟಿಕ್ ಕ್ಯಾಪ್ ಅಂಟಿಸಿ, “ಇದು ಗಟ್ಟಿ ಇಲ್ಲ, ಮೆಲ್ಲ” ಎಂದಳು. “ಗೊತ್ತಾಯ್ತು, ಕಚ್ಚಾ ಹೊಲಿಗೆ” ಎಂದರು ಚಿಕ್ಕಮ್ಮ. “ಅಸಲು ಯಾವಾಗ?”

“ಶುಕ್ರವಾರ ಬನ್ನಿ.”

ಚಿಕ್ಕಮ್ಮನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಶುಕ್ರವಾರ ಚಿಕ್ಕಮ್ಮ ಅಂಗಡಿ ಮುಚ್ಚಿ, ಬಸ್ಸಿನಲ್ಲಿ ನಿಂತುಕೊಂಡೇ ಪುತ್ತೂರಿಗೆ ಬಂದರು. ಕ್ಯಾಪ್ ಬಂದಿರಲಿಲ್ಲ. “ಆಗಿದೆಯಂತೆ ಅಮ್ಮ, ಪಾಲಿಶ್ ಮಾತ್ರ ಬಾಕಿಯಂತೆ. ಲ್ಯಾಬಿನಲ್ಲಿ ಕರೆಂಟ್ ಇರಲಿಲ್ಲ” ಎಂದಳು ಡಾಕ್ಟರಮ್ಮ, ನೆಲ ನೋಡುತ್ತಾ.

ಈಗ ಜಗಳ ಖಂಡಿತ ಎಂದುಕೊಂಡು ನಾನು ನನ್ನ ಚೀಲ ಎತ್ತಿಕೊಂಡೆ. ಆದರೆ ಚಿಕ್ಕಮ್ಮ ಕುರ್ಚಿ ಎಳೆದು ಅವಳ ಎದುರು ಕೂತರು. “ನೋಡು ಮಗಾ,” ಎಂದರು. ‘ಡಾಕ್ಟ್ರಮ್ಮ’ ಹೋಗಿ ‘ಮಗಾ’ ಬಂದದ್ದು ಅಲ್ಲಿಯೇ. “ಸುಳ್ಳು ಹೇಳುವಾಗ ನೆಲ ನೋಡಬಾರ್ದು. ಮುಖ ನೋಡಿ ಹೇಳ್ಬೇಕು. ಮತ್ತೆ, ಕರೆಂಟ್ ಇರ್ಲಿಲ್ಲ ಅಂತ ಒಂದೇ ಹೇಳು. ಪಾಲಿಶ್ ಬಾಕಿ ಅಂತಲೂ ಹೇಳಿದ್ರೆ ಯಾವುದನ್ನೂ ನಂಬುದಿಲ್ಲ.”

“ಸುಳ್ಳಲ್ಲ ಅಮ್ಮ, ಲ್ಯಾಬಿನವರು ಹಾಗೇ ಹೇಳಿದ್ದು.”

“ಹಾಗಾದ್ರೆ ಲ್ಯಾಬಿನವರಿಗೆ ಫೋನ್ ಮಾಡಿ ನನಗೆ ಕೊಡು.”

ಆ ಫೋನಿನಲ್ಲಿ ಚಿಕ್ಕಮ್ಮ ಏನು ಹೇಳಿದರೋ, ಮೂವತ್ತೆಂಟು ವರ್ಷದ ಯಾವ ಯಾವ ಗುಟ್ಟನ್ನು ಬಿಚ್ಚಿಟ್ಟರೋ, ಅಷ್ಟರಲ್ಲಿ ಹೊರಗಿನ ಬೆಂಚಿಗೆ ಜಾರಿದ್ದ ನನಗೆ ಕೇಳಿಸಲಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಪ್ ಬಂದಿತ್ತು!

ಅಂಟಿಸುವ ಮೊದಲು ಚಿಕ್ಕಮ್ಮ ಟ್ರಯಲ್ ಕೇಳಿದರು. ಡಾಕ್ಟರಮ್ಮ ಹೇಗೂ ಮಾಡುವುದೇ ಇತ್ತು. ಕಾಗದ ಕಚ್ಚಿಸಿ, ತುಸು ಉಜ್ಜಿ, ಮತ್ತೆ ಕಚ್ಚಿಸಿ, ಕೊನೆಗೆ ಕೂರಿಸಿ ಕನ್ನಡಿ ಕೊಟ್ಟಳು. ಚಿಕ್ಕಮ್ಮ ಎಡದಿಂದ ನೋಡಿದರು, ಬಲದಿಂದ ನೋಡಿದರು, ಕಿಟಕಿಯ ಹತ್ತಿರ ಹೋಗಿ ನೋಡಿದರು. “ಪರವಾಗಿಲ್ಲ” ಎಂದರು. ಚಿಕ್ಕಮ್ಮನ ಬಾಯಿಂದ ‘ಪರವಾಗಿಲ್ಲ’ ಬಂತೆಂದರೆ ಸನ್ಮಾನ ಆದ ಹಾಗೆ. ಡಾಕ್ಟರಮ್ಮ ದಾರ ಕಚ್ಚಬಾರದು, ಪಿನ್ನು ಕಚ್ಚಬಾರದು ಎಂದು ಪಟ್ಟಿ ಓದಿದಳು. ಚಿಕ್ಕಮ್ಮ ಎಲ್ಲಕ್ಕೂ “ಆಯ್ತು” ಎಂದು, ಎದ್ದು ನಿಂತು, ತಮ್ಮ ವ್ಯಾನಿಟಿ ಬ್ಯಾಗಿನಿಂದ ಸೂಜಿದಾರ ತೆಗೆದರು.

“ಇನ್ನು ನೀನು ಆ ಕೋಟು ತೆಗಿ.”

ಡಾಕ್ಟರಮ್ಮ ಕಕ್ಕಾಬಿಕ್ಕಿಯಾದಳು.

“ಕಂಕುಳದ ಹತ್ರ ಹೊಲಿಗೆ ಬಿಟ್ಟಿದೆ. ಈ ಕುರ್ಚಿಯಲ್ಲಿ ಅಂಗಾತ ಮಲಗಿ ನಾನು ಇಷ್ಟು ದಿನ ನೋಡಿದ್ದು ಅದನ್ನೇ. ಮೊದ್ಲು ಅರ್ಧ ಇಂಚು ಇತ್ತು, ಈಗ ಎರಡು. ತೆಗಿ, ಎರಡು ನಿಮಿಷ.”

“ಬೇಡ ಅಮ್ಮ,” ಎಂದಳು. ಒಂದು ಕೈ ತಾನಾಗಿ ಕಂಕುಳಿಗೆ ಹೋಗಿತ್ತು. “ಇರಲಿ. ಇದನ್ನು ಯಾರ ಹತ್ತಿರವೂ ಕೊಡುದಿಲ್ಲ.”

“ಯಾಕೆ?”

“ಟೈಲರ್‌ಗಳು ಪೂರ್ತಿ ಬಿಚ್ಚಿ ಹೊಲಿತಾರೆ. ಇದು ನನ್ನ ಅಮ್ಮ ಹೊಲಿದದ್ದು. ನಾನು ಪಾಸಾದಾಗ. ಅವರು ಹೋಗಿ ಎರಡು ವರ್ಷ ಆಯ್ತು. ಬಿಚ್ಚಿದ್ರೆ ಅಮ್ಮನ ಹೊಲಿಗೆ ಹೋಗ್ತದಲ್ಲ.”

ಹೊರಗೆ ಯಾರೋ ಕೆನ್ನೆ ಹಿಡಿದುಕೊಂಡು ಕಾಯುತ್ತಿದ್ದರು. ಚಿಕ್ಕಮ್ಮ ಕೈ ಮುಂದೆ ಚಾಚಿದರು. ಡಾಕ್ಟರಮ್ಮ ಮೆಲ್ಲಗೆ ಕೋಟು ತೆಗೆದು ಕೊಟ್ಟಳು.

ಚಿಕ್ಕಮ್ಮ ಅದನ್ನು ಒಳಮೈ ಮಾಡಿ ಮಡಿಲಲ್ಲಿ ಹರಡಿಕೊಂಡು, ಆ ಹೊಲಿಗೆಯ ಉದ್ದಕ್ಕೂ ಬೆರಳು ಆಡಿಸಿದರು. “ಒಳ್ಳೆ ಕೈ,” ಎಂದರು. “ಮಾರ್ಜಿನ್ ಬಿಟ್ಟಿದ್ದಾರೆ ನೋಡು. ನೀನು ಇನ್ನೂ ದಪ್ಪ ಆಗ್ತಿ ಅಂತ ಅಂದಾಜು ಮಾಡಿದ್ದಾರೆ.”

ಒಂದೇ ಒಂದು ಎಳೆಯನ್ನೂ ಬಿಚ್ಚಲಿಲ್ಲ. ಆ ಅಮ್ಮನ ದಾರ ಎಲ್ಲಿ ನಿಂತಿತ್ತೋ ಅಲ್ಲಿಗೇ ಸೂಜಿ ಚುಚ್ಚಿ ಕೈಯಲ್ಲೇ ಹೊಲಿಯತೊಡಗಿದರು, ಆ ಅಮ್ಮನ ಹೊಲಿಗೆ ಎಷ್ಟು ಸಣ್ಣದಿತ್ತೋ ಅಷ್ಟೇ ಸಣ್ಣದಾಗಿ. ಎರಡು ನಿಮಿಷದ ಕೆಲಸಕ್ಕೆ ಕಾಲು ಗಂಟೆ ಹಿಡಿಯಿತು. ಮುಗಿದಾಗ ಡಾಕ್ಟರಮ್ಮನೇ ಮೇಜಿನಿಂದ ಕತ್ತರಿ ತಂದುಕೊಟ್ಟಳು.

ಚಿಕ್ಕಮ್ಮ ಕೋಟನ್ನು ತಾವೇ ಅವಳಿಗೆ ತೊಡಿಸಿ, “ಕೈ ಎತ್ತು ನೋಡುವ” ಎಂದರು. ಅವಳು ಎರಡೂ ಕೈ ಮೇಲಕ್ಕೆತ್ತಿ, ಕಣ್ಣು ಮುಚ್ಚಿ ನಿಂತಳು.

“ಸರಿ ಉಂಟು. ಇಳಿಸು” ಎಂದರು ಚಿಕ್ಕಮ್ಮ.

ಅವಳು ಇನ್ನೂ ಸ್ವಲ್ಪ ಹೊತ್ತು ಇಳಿಸಲಿಲ್ಲ. ಚಿಕ್ಕಮ್ಮ ಎರಡನೆಯ ಸಲ ಹೇಳಲಿಲ್ಲ.