ತಂಪು ಕೋಣೆಯಲ್ಲಿ ಫ್ರೆಂಚ್ ಪಾಠ

ಹೊಸ ಯಂತ್ರ ಬಂದ ಕಚೇರಿಯಲ್ಲಿ ನಗೆಪಾಟಲು ಒಂದಕ್ಕೇ ನಿಲ್ಲುವುದಿಲ್ಲ. ಎಂಬತ್ತರ ದಶಕದಲ್ಲಿ ವಾಡಿ ಸಮೀಪದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನಡೆಸುತ್ತಿದ್ದ ನನಗೆ ಇದು ಚೆನ್ನಾಗಿ ಗೊತ್ತು.

ಗಾಳಿ ಪೆಟ್ಟಿಗೆ

ಕಂಪ್ಯೂಟರಿಗೆ ಸೆಕೆಯಾಗಬಾರದೆಂದು ಅದರ ಕೋಣೆಗೆ ಏರ್‌ಕಂಡೀಷನ್ ಹಾಕಿಸಿದ್ದರು. ವಾಡಿಯ ಮೇ ತಿಂಗಳು. ಕಚೇರಿಯವರಿಗೆಲ್ಲ ಇದ್ದಕ್ಕಿದ್ದಂತೆ ಕಂಪ್ಯೂಟರಿನ ಮೇಲೆ ಪ್ರೀತಿ ಉಕ್ಕಿತು. ಊಟದ ಡಬ್ಬಿಗಳು ಅಲ್ಲೇ ಬಿಚ್ಚಿಕೊಳ್ಳತೊಡಗಿದವು. ಚಿತ್ತಾಪುರದಿಂದ ಕಂಪ್ಯೂಟರ್ ನೋಡಲು ಬಂದ ನನ್ನ ಮಾವನವರು ಗೋಡೆಯ ಗಾಳಿ ಪೆಟ್ಟಿಗೆಯ ಎದುರು ಕುಳಿತು ಹಾಯಾಗಿ ನಿದ್ದೆ ತೆಗೆದರು. ಎದ್ದವರೇ ಆ ಪೆಟ್ಟಿಗೆಯನ್ನು ತಟ್ಟಿ, "ಏನು ಛಂದ ಗಾಳಿ ಬಿಡತದ! ಮ್ಯಾಲೆ ಲೆಕ್ಕಾನೂ ಮಾಡತದಂತಲ್ಲ" ಎಂದರು.

ಕಾಕಾನ ಶಿಷ್ಯ

ನಮ್ಮ ಸಾಹೇಬರು ಹೊರದೇಶದಲ್ಲಿ ಓದಿ ಬಂದ ಹುರುಪಿನವರು. ಫ್ರೆಂಚಿನಲ್ಲಿ ಕುರ್ಚಿ, ಮೇಜಿಗೂ ಗಂಡು ಹೆಣ್ಣೆಂಬ ಲಿಂಗವುಂಟು. ಮಕ್ಕಳ ಹಾಗೆ ಕಂಪ್ಯೂಟರೂ ಊಹಿಸಿ, ತಪ್ಪಿ, ತಿದ್ದಿಸಿಕೊಂಡು ಅದನ್ನು ಕಲಿಯಲೆಂದು ಒಂದು ಪ್ರೋಗ್ರಾಂ ಬರೆದರು. ಡಿಕ್ಷನರಿ ನೋಡಿ 'ಸರಿ' ಅಥವಾ 'ತಪ್ಪು' ಒತ್ತುವ ಕೆಲಸ ದಂಡೋತಿ ಊರಿನ, ನಮ್ಮ ಕಚೇರಿಯ ಟೈಪಿಸ್ಟ್ ಕಾಕಾನ ಪಾಲಿಗೆ ಬಂತು. ತಿಂಗಳಾದರೂ ಯಂತ್ರ ಒಂದು ತಪ್ಪನ್ನೂ ಮಾಡಿಲ್ಲವೆಂದು ಕಾಕಾ ಹೇಳಿದಾಗ ಸಾಹೇಬರು ಹಿರಿಹಿರಿ ಹಿಗ್ಗಿದರು.

ನನಗೆ ಅನುಮಾನ ಬಂದು ಪಕ್ಕದಲ್ಲಿ ನಿಂತೆ. ಯಂತ್ರ ಕುರ್ಚಿಯನ್ನು ಗಂಡು ಎಂದಿತು. ಡಿಕ್ಷನರಿಯಲ್ಲಿ ಹೆಣ್ಣು ಎಂದಿತ್ತು. ಕಾಕಾ ಅದನ್ನು ಕಣ್ಣಾರೆ ನೋಡಿ 'ಸರಿ' ಒತ್ತಿದರು. ಯಾಕೆಂದು ಕೇಳಿದೆ.

"ಪರದೇಶದ ಭಾಷಾ ಕಲೀಲಿಕತ್ತದ, ಪಾಪ. ತಪ್ಪು ಅಂತ ಅದರ ಮಾರಿ ಮ್ಯಾಲೆ ಹ್ಯಾಂಗ ಅನ್ನಲಿ?"

ಅಷ್ಟರಲ್ಲಿ ಯಂತ್ರ ಜಗತ್ತಿನ ವಸ್ತುಗಳನ್ನೆಲ್ಲ ಗಂಡು ಮಾಡಿ ಮುಗಿಸಿತ್ತು.

ಪರೀಕ್ಷೆ

ಮರುದಿನವೇ ಪರೀಕ್ಷೆ. ಪ್ರೋಗ್ರಾಂ ಸೋತರೆ ಕಂಪ್ಯೂಟರಿನ ಜೊತೆ ಏರ್‌ಕಂಡೀಷನನ್ನೂ ಮುಂಬಯಿಗೆ ಒಯ್ಯುವುದಾಗಿ ಅಲ್ಲಿಂದ ಬಂದ ದೊಡ್ಡ ಸಾಹೇಬರು ಹೇಳಿಬಿಟ್ಟಿದ್ದರು. ಉತ್ತರ ಸರಿಯೋ ತಪ್ಪೋ ಹೇಳಲು ಫ್ರಾನ್ಸಿನ ಎಂಜಿನಿಯರ್ ಒಬ್ಬರು ಬಂದಿದ್ದರು. ಎರಡು ದಿನದಿಂದ ಅವರ ಊಟ ಕಾಕಾನ ಮನೆಯಲ್ಲಿ: ರೊಟ್ಟಿ, ಪುಂಡಿಪಲ್ಯ, ಕೆಂಪು ಖಾರ. ಹ್ಯಾಂಗದ ಎಂದು ಯಾರು ಕೇಳಿದರೂ 'ಭಾಳ ಛಲೋ ಅದ' ಅನ್ನಬೇಕೆಂದು ಕಾಕಾ ಕಲಿಸಿದ್ದರು. ಪಾಪದ ಮನುಷ್ಯ ಕಣ್ಣೀರು ಸುರಿಸುತ್ತಲೇ ಕಲಿತಿದ್ದರು.

ಕುರ್ಚಿ? ಗಂಡು. ಮೇಜು? ಗಂಡು. ಬಾಗಿಲು? ಗಂಡು. ಮೂರೂ ತಪ್ಪು. ಆ ತಂಪಿನಲ್ಲೂ ನಮ್ಮ ಸಾಹೇಬರ ಅಂಗಿ ಒದ್ದೆಯಾಯಿತು. ಬರುವ ಬೇಸಿಗೆ ನೆನೆದು ನನಗಂತೂ ಅಳುವೇ ಬಂತು. ದೊಡ್ಡ ಸಾಹೇಬರು ಅತಿಥಿಯ ಮುಖ ನೋಡಿದರು. ಆಗ ಕಾಕಾ ಮೆಲ್ಲಗೆ, "ಹ್ಯಾಂಗದ್ರಿ?" ಎಂದರು.

ಅತಿಥಿ ಬೆಚ್ಚಿ ನೆಟ್ಟಗಾದರು. "ಭಾಳ ಛಲೋ ಅದ."

ಅದರ ಅರ್ಥವನ್ನು ನಮ್ಮ ಸಾಹೇಬರು ದೊಡ್ಡವರಿಗೆ ತಡಮಾಡದೆ ಇಂಗ್ಲಿಷಿನಲ್ಲಿ ಹೇಳಿ ಚಪ್ಪಾಳೆ ಶುರುಮಾಡಿದರು. ತಂಪು ಕೋಣೆ ವಾಡಿಯಲ್ಲೇ ಉಳಿಯಿತು. ಕಾಕಾ ಡಬ್ಬಿ ಬಿಚ್ಚುತ್ತ ನನಗೆ ಹೇಳಿದರು:

"ಇಬ್ಬರಿಗೂ ನಾನೇ ಕಲಿಸೀನಿ. ಆದರ ಮನುಷ್ಯಾ ಭಾಳ ಶಾಣ್ಯಾ, ಎರಡೇ ದಿನದಾಗ ಕಲ್ತ. ಯಂತ್ರಕ್ಕ ತಿಂಗಳು ಹಿಡೀತು."