ಎರಡನೆಯ ಭಾಗದ ಕೆಮ್ಮನ್ನು ಹಿಂತಿರುಗಿಸುವ ಬಗ್ಗೆ

ಧ್ವನಿ ಶುದ್ಧೀಕರಣ ವಿಭಾಗದ ಮುಖ್ಯಸ್ಥರ ಅತಿಸೂಕ್ಷ್ಮ ಕಿವಿಗಳಿಗೆ, ಅಷ್ಟೇನೂ ಸೂಕ್ಷ್ಮವಲ್ಲದ ಕಿವಿಗಳುಳ್ಳ ದರ್ಜಿಯೊಬ್ಬಳ ಅನಂತ ನಮಸ್ಕಾರಗಳು.

ಮಾನ್ಯರೇ,

ನಲವತ್ತು ವರ್ಷಗಳ ಹಿಂದೆ ನಮ್ಮೂರಿನ ಸಭಾಂಗಣದಲ್ಲಿ ಮುದ್ರಿಸಿಕೊಂಡಿದ್ದ ಪಿಟೀಲು ಕನ್ಸರ್ಟೊವನ್ನು ತಾವು ಒಗೆದು, ಹಿಂಡಿ, ಇಸ್ತ್ರಿ ಮಾಡಿ ಹೊಸ ಸಿ.ಡಿ.ಯಾಗಿ ಹೊರತಂದಿರುವುದು ಶ್ಲಾಘನೀಯ. ಕುರ್ಚಿಯ ಕಿರುಗುಟ್ಟುವಿಕೆ ಇಲ್ಲ, ಹಾಳೆ ಮಗುಚುವ ಸದ್ದಿಲ್ಲ. ಎರಡನೆಯ ಭಾಗದಲ್ಲಿ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಪಿಟೀಲೊಂದೇ ಸಣ್ಣಗೆ ನುಡಿಯುವಾಗ ಮೂರನೆಯ ಸಾಲಿನಿಂದ ಕೇಳಿಬರುತ್ತಿದ್ದ ಕೆಮ್ಮೂ ಇಲ್ಲ. ಆ ಕೆಮ್ಮು ನಮ್ಮ ಅಪ್ಪನದು.

ಅಪ್ಪನೂ ದರ್ಜಿ. ಕಮಾನು ಎಳೆದಾಗಲೆಲ್ಲ ಕೋಟಿನ ತೋಳು ಹಿಡಿಯುತ್ತದೆಂದು ಪಿಟೀಲುವಾದಕರು ಒದ್ದಾಡುತ್ತಿದ್ದಾಗ, ಕಂಕುಳಲ್ಲಿ ಬಟ್ಟೆ ಕೂಡಿಸಿ ಸಡಿಲ ಮಾಡಿಕೊಟ್ಟದ್ದಕ್ಕೆ ಅಪ್ಪನಿಗೆ ಎರಡು ಟಿಕೆಟ್ ಸಿಕ್ಕಿದ್ದವು. ಸಂಗೀತದ ಗಂಧಗಾಳಿ ಇಲ್ಲದ ಅಪ್ಪ ಉಸಿರು ಬಿಗಿಹಿಡಿದು ಆ ತೋಳನ್ನೇ ನೋಡುತ್ತ ಕೂತಿದ್ದರಂತೆ. ಹೊಲಿಗೆ ಬಿಡಲಿಲ್ಲವೆಂದು ಖಾತ್ರಿಯಾದ ಮೇಲೆ, ಅಷ್ಟು ಹೊತ್ತು ತಡೆದಿಟ್ಟದ್ದು ಹೊರಬಿತ್ತು.

ಅವರು ಹೋಗಿ ಹದಿನಾರು ವರ್ಷ. ಅವರ ಮಾತನ್ನು ಯಾರೂ ಮುದ್ರಿಸಿಡದ ಕಾರಣ ಉಳಿದಿದ್ದ ದನಿ ಅದೊಂದೇ. ಅಮ್ಮ ಪ್ರತಿ ಭಾನುವಾರ ಹಳೆಯ ರೆಕಾರ್ಡು ಹಾಕಿಸಿ, ಕೆಮ್ಮು ಬಂದೊಡನೆ "ಹೊರಡೋಕ್ ಮುಂಚೆ ನೀರು ಕುಡೀರಿ ಅಂದ್ರೆ ಕಿವಿಗೆ ಹಾಕ್ಕೊಂಡ್ರಾ" ಎಂದು ಬೈದು, ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದಳು. ಮೂರನೆಯ ಭಾಗ ಹೇಗಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಆ ರೆಕಾರ್ಡಿನ ಮೇಲೆ ನಮ್ಮ ಭಾವ ಕೂತರು. ಭಾರಿ ಆಸಾಮಿ. ಹಾಗಾಗಿ ತಮ್ಮ ಸಿ.ಡಿ. ತರಿಸಿದೆವು. ಕಳೆದ ಭಾನುವಾರ ಕೆಮ್ಮಿನ ಜಾಗ ಬಂತು, ಹೋಯಿತು. ಬೈಯಲೆಂದು ಬಾಯಿ ತೆರೆದ ಅಮ್ಮ ಹಾಗೆಯೇ ಕೂತಳು. ಅದನ್ನು ನೋಡುವುದು ನನ್ನಿಂದಾಗಲಿಲ್ಲ.

ಆದ್ದರಿಂದ ದಯಮಾಡಿ ಕೆಮ್ಮನ್ನು ಅದರ ಜಾಗದಲ್ಲಿ ಮತ್ತೆ ಕೂರಿಸಿಕೊಡಿ. ಎಡೆ ಸಾಲದಿದ್ದರೆ ಪಿಟೀಲನ್ನು ತೆಗೆಯಿರಿ, ನಮ್ಮ ಅಭ್ಯಂತರವಿಲ್ಲ. ಈಗಾಗಲೇ ಗುಡಿಸಿ ಎಸೆದಿದ್ದರೆ ಕಸದ ಬುಟ್ಟಿಯನ್ನೇ ಕಳಿಸಿ. ಎಷ್ಟು ಜನರ ಕೆಮ್ಮಿನ ರಾಶಿಯಿದ್ದರೂ ಅಮ್ಮ ತನ್ನದನ್ನು ಆರಿಸಿಕೊಳ್ಳುತ್ತಾಳೆ.

ಇನ್ನೂ ಒಂದಿಷ್ಟು ವಿಶ್ವಾಸ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ದರ್ಜಿಯ ಮಗಳು

ಮರೆತಿದ್ದ ಮಾತು: ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಮೂವರು ಡಾಕ್ಟರುಗಳಿಂದ ನಿಲ್ಲಿಸಲಾಗದ ಕೆಮ್ಮನ್ನು ತಾವು ಹೀಗೆ ಸಲೀಸಾಗಿ ನಿಲ್ಲಿಸಿದ್ದೀರಲ್ಲ, ಅಪ್ಪ ಬದುಕಿದ್ದಾಗ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಬೇಕಂತೆ.